ಎರಡು ರಿಂಗ್ ಕಲಿಸಿದವರು

ಕಳೆದ ಒಂದೂವರೆ ವರ್ಷದಲ್ಲಿ ಅವರು ನನ್ನ ಮನೆ ಬಾಗಿಲಿಗೆ ಎಷ್ಟು ಸಲ ಬಂದರೋ ಲೆಕ್ಕವಿಟ್ಟಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ನಾನು ಮನೆಯಲ್ಲಿದ್ದುಕೊಂಡೇ ಇಲ್ಲ ಎಂದು ಹೇಳಿಸಿದ್ದೇನೆ. ದಾವಣಗೆರೆಯ ವಿನೋಬನಗರದ ನಮ್ಮ ಮನೆ ದೊಡ್ಡದೇನಲ್ಲ. ಬಾಗಿಲಲ್ಲಿ ನಿಂತವರಿಗೆ ಅಡುಗೆಮನೆಯ ಒಗ್ಗರಣೆಯೂ ಕೇಳಿಸುತ್ತದೆ. ನಾನು ಬಚ್ಚಲುಮನೆ ಸೇರಿ, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ನನ್ನ ಹೆಂಡತಿ, "ಪ್ಯಾಟಿಗೆ ಹೋಗ್ಯಾರ್ರಿ" ಎನ್ನುತ್ತಿದ್ದಳು. "ಇರ್ಲಿ ಬಿಡು ತಾಯಿ, ನಾನು ಮತ್ತೆ ಬರ್ತೀನಿ" ಎಂದು ಅವರು ಮೆಟ್ಟಿಲು ಇಳಿಯುತ್ತಿದ್ದರು. ಮೂರೇ ಮೆಟ್ಟಿಲು, ಅದನ್ನು ಇಳಿಯಲು ಅವರಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ಎಪ್ಪತ್ತೆಂಟು ವರ್ಷದ ಮುದುಕರು. ಒಂದು ಕಾಲಕ್ಕೆ ಅವರು ಇನ್ಸ್‌ಪೆಕ್ಷನ್ನಿಗೆ ಬರುತ್ತಾರೆ ಎಂದರೆ ಈ ಕಡೆಯ ರೈಲ್ವೆ ಸ್ಟೇಷನ್ನುಗಳೆಲ್ಲ ಹಿಂದಿನ ದಿನವೇ ಸುಣ್ಣ ಬಳಿದುಕೊಂಡು ಕಾಯುತ್ತಿದ್ದವು.

ಅವರು ನನ್ನಿಂದ ಬೇಡುತ್ತಿದ್ದದ್ದು ಇಷ್ಟೇ: "ನನ್ನ ಸಂಗಡ ಹರಿಹರಕ್ಕೆ ಬಾ. ಅವನ ಮುಂದೆ ನಿಂತು ಇದ್ದದ್ದು ಇದ್ದಂಗೆ ಒಂದು ಮಾತು ಹೇಳು." ಅವನು ಎಂದರೆ, ಇಪ್ಪತ್ತು ವರ್ಷದ ಹಿಂದೆ ಕೆಲಸ ಕಳೆದುಕೊಂಡ ಒಬ್ಬ ಗೇಟ್‌ಮನ್. ಇದ್ದದ್ದು ಎಂದರೆ, ಅವನ ಕೆಲಸ ಹೋದದ್ದು ನನ್ನ ತಪ್ಪಿನಿಂದ ಎಂಬುದು. ನಾನು ಹೋಗಲಿಲ್ಲ. ಈಗ ಕೇಳುವವರು ತೀರಿಕೊಂಡಿದ್ದಾರೆ. ಅವರ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರನ್ನು ಒಳಗಿನಿಂದ ತಿಂದುಹಾಕಿದ ಸಂಗತಿ ಪೂರ್ತಿ ಗೊತ್ತಿರುವವನು ನಾನೊಬ್ಬನೇ ಉಳಿದಿದ್ದೇನೆ.

ನಾನು ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರಾಗಿ ಹರಿಹರಕ್ಕೆ ಬಂದಾಗ ಅವರು ಅಲ್ಲಿ ಸ್ಟೇಷನ್ ಮಾಸ್ಟರು. ಇನ್ನೂ ಸಣ್ಣ ಹಳಿಯ ಕಾಲ. ಕುಳ್ಳಗೆ, ಕಪ್ಪಗೆ, ಬಿಳಿ ಸಮವಸ್ತ್ರದಲ್ಲಿ ಇನ್ನಷ್ಟು ಕಪ್ಪಗೆ ಕಾಣುತ್ತಿದ್ದರು. ತುಂಗಭದ್ರೆಯ ದಂಡೆಯ ಊರಿನ ಒಕ್ಕಲು ಮನೆತನದವರು. ಆ ಮನೆಯಲ್ಲಿ ಅವರಿಗಿಂತ ಮೊದಲು ಯಾರೂ ರೈಲು ಹತ್ತಿದ್ದೇ ಇಲ್ಲವಂತೆ. ಮುಂದೆ ಅವರು ಒಂದೊಂದೇ ಪರೀಕ್ಷೆ ಪಾಸು ಮಾಡುತ್ತ ಅಧಿಕಾರಿಯಾದರು, ದೊಡ್ಡ ಅಧಿಕಾರಿಗಳಿಗೆಂದೇ ಇರುವ ಸಲೂನ್ ಬೋಗಿಯಲ್ಲಿ ಓಡಾಡಿದರು. ನಮ್ಮ ಕಡೆ ಹೊಲದ ಬದುವಿನಿಂದ ಹೊರಟು ಅಷ್ಟು ಎತ್ತರದ ಕುರ್ಚಿಗೆ ಹೋದವರಲ್ಲಿ ಇವರೇ ಮೊದಲಿಗರು ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ನಿಜವೋ ಸುಳ್ಳೋ, ಯಾರೂ ಪರೀಕ್ಷಿಸಲು ಹೋಗಲಿಲ್ಲ.

ಕೆಲಸ ಕಲಿಸುವಾಗ ಬೈಯುತ್ತಿದ್ದರು, ಆದರೆ ಬೈದ ಮೇಲೆ ಉಪವಾಸ ಬಿಡುತ್ತಿರಲಿಲ್ಲ. "ಗಾಡಿ ತಡ ಮಾಡಿದ್ರೆ ಬೈಸ್ಕೊಂತೀಯ, ಅವಸರ ಮಾಡಿದ್ರೆ ಹೆಣ ಹೊರ್ತೀಯ. ಯಾವುದು ಬೇಕೋ ನೀನೇ ಆರಿಸ್ಕ" ಎನ್ನುತ್ತಿದ್ದರು. ಯಾವ ಗಾಡಿ ಹಾದುಹೋದರೂ ಎದ್ದು ಹಳಿಯ ಕಡೆ ಮುಖ ಮಾಡಿ ನಿಲ್ಲುವುದು ಅವರ ಅಭ್ಯಾಸ. ನೋಡುತ್ತಿದ್ದದ್ದು ಗಾಡಿಯನ್ನಲ್ಲ, ಗಾಲಿಗಳನ್ನು: ಎಲ್ಲಾದರೂ ಹೊಗೆ ಏಳುತ್ತಿದೆಯೇ, ಏನಾದರೂ ಜೋತುಬಿದ್ದಿದೆಯೇ ಎಂದು. ನಿವೃತ್ತಿಯಾದ ಮೇಲೂ ಅದು ಬಿಡಲಿಲ್ಲ. ಅವರ ಮಗಳ ಮದುವೆ ದಾವಣಗೆರೆಯಲ್ಲಿ ರೈಲುಹಳಿ ಪಕ್ಕದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಇನ್ನೇನು ಅಕ್ಷತೆ ಬೀಳಬೇಕು, ಗೂಡ್ಸ್ ಬಂತು. ಹುಡುಗಿಯ ಅಪ್ಪ ನಾಪತ್ತೆ. ಹೋಗಿ ನೋಡಿದರೆ ರೇಷ್ಮೆ ಪಂಚೆ ಉಟ್ಟುಕೊಂಡು ಕಾಂಪೌಂಡಿನ ಹತ್ತಿರ ನಿಂತು ಗಾಲಿ ಎಣಿಸುತ್ತಿದ್ದಾರೆ. ಅವರ ಹೆಂಡತಿ, ನಾವೆಲ್ಲ ಅಮ್ಮಾರು ಎನ್ನುತ್ತಿದ್ದವರು, ನನಗೆ ಹೇಳಿದರು: "ನನ್ನ ಮದುವಿ ದಿವಸ ಗಾಡಿ ತಡ ಆಗಿತ್ತಪ್ಪ. ಇಲ್ಲಾಂದ್ರೆ ನನ್ನ ಕೊಳ್ಳಾಗೆ ತಾಳಿನೇ ಬೀಳ್ತಿರಲಿಲ್ಲ."

ಅಮ್ಮಾರು ಹರಿಹರದವರೇ. ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಪಾತ್ರೆ ಪಗಡ ಹೊತ್ತು ತಿರುಗಿ ಸುಸ್ತಾಗಿದ್ದರೂ ನಗು ಕಳೆದುಕೊಂಡವರಲ್ಲ. ಮಗಳು ಹುಟ್ಟಿದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ರೈಲ್ವೆಯಲ್ಲಿ ಕಂಟ್ರೋಲ್ ಫೋನ್ ಎಂದು ಒಂದಿತ್ತು. ಒಬ್ಬರು ಮಾತಾಡಿದರೆ ಸಾಲಿನ ಎಲ್ಲ ಸ್ಟೇಷನ್ನುಗಳಿಗೂ ಕೇಳಿಸುವ ಫೋನು. ಅಮ್ಮಾರು ತವರಿನಲ್ಲಿ ಹೆತ್ತರು, ಗಂಡ ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಡ್ಯೂಟಿ ಮೇಲೆ. ಕಂಟ್ರೋಲರ್ ಅದೇ ಫೋನಿನಲ್ಲಿ, "ನಿಮಗೆ ಹೆಣ್ಣು ಮಗು ಆಗೇತಿ. ಗೂಡ್ಸ್ ಲೂಪಿಗೆ ತಗೊಳ್ರಿ" ಎಂದನಂತೆ, ಒಂದೇ ಉಸಿರಿನಲ್ಲಿ. ಹತ್ತು ಹನ್ನೆರಡು ಸ್ಟೇಷನ್ನುಗಳ ಮಾಸ್ಟರುಗಳು ಒಟ್ಟಿಗೆ ಹೋ ಎಂದರಂತೆ. ಇವರು ಮಾತ್ರ ಗಾಡಿಯನ್ನು ಪಕ್ಕದ ಹಳಿಗೆ ತಿರುಗಿಸಿ, "ಗೂಡ್ಸ್ ಲೂಪಿಗೆ ತಗೊಂಡೆ" ಎಂದು ಉತ್ತರ ಕೊಟ್ಟು, ಆಮೇಲೆ ಅತ್ತರಂತೆ. ಅತ್ತದ್ದೂ ಫೋನಿನಲ್ಲಿ ಎಲ್ಲರಿಗೂ ಕೇಳಿಸಿತಂತೆ.

ರೈಲ್ವೆಯ ಕೆಲಸ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಆಗ ದೂರದ ಅನೇಕ ಗೇಟುಗಳಿಗೂ ಸಿಗ್ನಲ್ಲಿಗೂ ಸಂಬಂಧ ಇರುತ್ತಿರಲಿಲ್ಲ. ಇದ್ದದ್ದು ಒಂದು ಫೋನು. ಗಾಡಿ ಬಿಡುವ ಮುಂಚೆ ಸ್ಟೇಷನ್ ಮಾಸ್ಟರು ಗೇಟಿಗೆ ಫೋನು ಮಾಡಬೇಕು. ಗೇಟ್‌ಮನ್ ಗೇಟು ಹಾಕಿ, ಬೀಗ ಜಡಿದು, ವಾಪಸು ಬಂದು, ತನ್ನ ಹತ್ತಿರವಿರುವ ಅಚ್ಚಿನ ಹಾಳೆಯಿಂದ ಒಂದು ನಂಬರು ಓದಿ ಹೇಳಬೇಕು. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಆ ಹಾಳೆ ಅವನ ಹತ್ತಿರ ಮಾತ್ರ ಇರುತ್ತದೆ. ಹಾಗಾಗಿ ಮಾಸ್ಟರ ರಿಜಿಸ್ಟರಿನಲ್ಲಿ ಆ ನಂಬರು ಬರೆದಿದೆ ಎಂದರೆ, ಗೇಟು ಹಾಕಿದ್ದೇನೆ ಎಂದು ಗೇಟ್‌ಮನ್ನೇ ಒಪ್ಪಿಕೊಂಡ ಹಾಗೆ. ಅದರ ಮೇಲೆ ಇನ್ನೊಂದು ಸಾಕ್ಷಿ ಬೇಕಿಲ್ಲ.

ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಗೇಟಿನಲ್ಲಿ ಮಂಡಿನೋವಿನ ಒಬ್ಬ ಹಿರಿಯ ಇದ್ದನಂತೆ. ಫೋನೆತ್ತು, ಗೇಟಿಗೆ ಹೋಗು, ಮತ್ತೆ ಬಾ, ನಂಬರು ಹೇಳು, ಮತ್ತೆ ಹೋಗಿ ಬಾವುಟ ಹಿಡಿ. ಇಷ್ಟರಲ್ಲಿ ಅವನ ಜೀವ ಹೋಗುತ್ತಿತ್ತು. ಇವರಿಗೆ ಕನಿಕರ ಬಂತು. ಪಾಳಿ ಶುರುವಾದಾಗಲೇ ಮೂರು ಗಾಡಿಯ ನಂಬರು ಒಟ್ಟಿಗೆ ಹೇಳಿಬಿಡು, ಗಾಡಿ ಬರುವಾಗ ನಾನು ಎರಡು ರಿಂಗ್ ಕೊಡುತ್ತೇನೆ, ನೀನು ಫೋನು ಎತ್ತಬೇಡ, ಸುಮ್ಮನೆ ಹೋಗಿ ಗೇಟು ಹಾಕು ಎಂದರು. ಆ ಮುದುಕ ನಿವೃತ್ತನಾಗುವವರೆಗೂ ಇವರ ಹೆಸರು ಹೇಳಿ ದೀಪ ಹಚ್ಚುತ್ತಿದ್ದನಂತೆ. ಇವರು ಹೋದ ಸ್ಟೇಷನ್ನಿಗೆಲ್ಲ ಆ ಪದ್ಧತಿಯೂ ಹೋಯಿತು. ನನಗೂ ಕಲಿಸಿದರು. ತಪ್ಪಲ್ಲವಾ ಸಾರ್ ಎಂದು ಕೇಳಿದ್ದೆ. "ರೂಲ್ ಬುಕ್ ಬರೆದೋನು ಒಂದಿನಾನೂ ಗೇಟಿನಾಗೆ ಕುಂತಿರಲಿಲ್ಲಪ" ಎಂದಿದ್ದರು. ನನಗೆ ಆ ಮಾತು ಬಹಳ ಹಿಡಿಸಿತ್ತು. ದೊಡ್ಡವರ ಬಾಯಿಂದ ಬಂದ ರಿಯಾಯಿತಿ ಯಾರಿಗೆ ಹಿಡಿಸುವುದಿಲ್ಲ?

ಹದಿನೇಳು ವರ್ಷ ನಾನೂ ಎರಡು ರಿಂಗ್ ಕೊಟ್ಟೆ. ಆಗ ನಾನು ಇದೇ ಸಾಲಿನ ಒಂದು ಸಣ್ಣ ಸ್ಟೇಷನ್ನಿನಲ್ಲಿದ್ದೆ, ಹೆಸರು ಬೇಡ. ಅವತ್ತು ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ. ಬೆಳಿಗ್ಗೆಯೇ ಮೂರು ನಂಬರು ತೆಗೆದುಕೊಂಡಿದ್ದೆ. ರಿಜಿಸ್ಟರ್ ತೆರೆದೆ. ಆ ಗಾಡಿಯ ಮುಂದೆ ನಂಬರು ಬರೆದಿತ್ತು, ನನ್ನದೇ ಕೈಬರಹ. ಗೇಟಿನ ಕೆಲಸ ಆಗಿದೆ ಎಂದುಕೊಂಡೆ. ಕಣ್ಣು ನೋಡಿತು, ಕೈ ಸಿಗ್ನಲ್ ಕೊಟ್ಟಿತು. ಎರಡು ರಿಂಗ್ ನಾನು ಕೊಡಲೇ ಇಲ್ಲ. ಗೇಟಿನಲ್ಲಿ ಅವನು ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದ. ಮೆಕ್ಕೆಜೋಳ ಮುರಿಯಲು ಹೋದ ಹೆಂಗಸರನ್ನು ಕೂರಿಸಿಕೊಂಡು ಒಂದು ಟ್ರ್ಯಾಕ್ಟರ್ ಹಳಿ ದಾಟುತ್ತಿತ್ತು. ಇಬ್ಬರು ಸತ್ತರು. ಇಬ್ಬರೂ ಆ ಗೇಟ್‌ಮನ್ನನ ಊರಿನವರು, ಒಬ್ಬಳು ಅವನ ಓಣಿಯವಳೇ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಗಾಡಿ ಓಡಿಸುವ ಇಲಾಖೆಯ ಕಡೆಯಿಂದ ಬಂದವರು ಇವರೇ, ನನಗೆ ಎರಡು ರಿಂಗ್ ಕಲಿಸಿದವರು. ನಾನು, ನಂಬರು ತೆಗೆದುಕೊಂಡ ಮೇಲೆಯೇ ಸಿಗ್ನಲ್ ಕೊಟ್ಟೆ ಎಂದು ಬರೆದುಕೊಟ್ಟೆ. ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ನೋಡಿ. ಆಮೇಲೆ ಅವನನ್ನು ಕರೆದರು.

"ಈ ನಂಬರ್ ನೀನೇ ಕೊಟ್ಟಿದ್ದೇನು?" ಎಂದು ಇವರು ಕೇಳಿದರು.

"ಹೌದ್ರಿ ಸಾಹೇಬ್ರೆ."

"ನಂಬರ್ ಕೊಟ್ಟ ಮ್ಯಾಲೆ ಗೇಟ್ ಯಾಕ ಹಾಕಲಿಲ್ಲ?"

ಅವನು ನನ್ನ ಮುಖ ನೋಡಿದ. ನಂಬರು ಬೆಳಿಗ್ಗೆಯೇ ಕೊಟ್ಟಿದ್ದು ಎಂದು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಮಾಸ್ತರ್ರು ರಿಂಗ್ ಕೊಟ್ಟೇ ಕೊಟ್ಟಿರುತ್ತಾರೆ, ತನಗೇ ಕೇಳಿಸಲಿಲ್ಲ ಎಂದು ಅವನು ನಂಬಿಬಿಟ್ಟಿದ್ದ. ತಪ್ಪು ತನ್ನದು, ಇನ್ನೊಬ್ಬರನ್ನು ಯಾಕೆ ಎಳೆಯಬೇಕು ಎಂದುಕೊಂಡ. "ಮರ್ತೆ ಅಂತ ಬರ್ಕೊಳ್ರಿ" ಎಂದ.

ವಿಚಾರಣೆ ಮುಗಿದ ಮೇಲೆ ಅವರು ನನ್ನನ್ನು ಒಬ್ಬನನ್ನೇ ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋದರು. ರಿಜಿಸ್ಟರಿನಲ್ಲಿ ಆ ದಿನದ ಮೂರೂ ನಂಬರುಗಳು ಒಂದೇ ಶಾಯಿಯಲ್ಲಿ, ಒಂದೇ ಸಾಲಾಗಿ ಇದ್ದದ್ದು ಬೇರೆಯವರಿಗೆ ಏನೂ ಹೇಳಲಿಲ್ಲ. ಆ ಪದ್ಧತಿ ಹುಟ್ಟಿಸಿದವರಿಗೆ ಹೇಳದೆ ಇರುತ್ತದೆಯೇ?

"ರಿಂಗ್ ಕೊಟ್ಟಿದ್ದೆಯೇನಲೇ?"

ನಾನು ತಲೆ ತಗ್ಗಿಸಿ ನಿಂತೆ. ಅವರು ಜೇಬಿನ ಪೆನ್ನು ತೆಗೆದು, ನೋಡಿ, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. "ಸರಿ. ಹೋಗಿ ಊಟ ಮಾಡು" ಎಂದರು. ಆ ವರದಿಯಲ್ಲಿ ಗೇಟ್‌ಮನ್ನನೇ ಹೊಣೆ ಎಂದು ಬರೆದರು. ಅವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಅವರ ಶಿಷ್ಯ. ಎರಡು ರಿಂಗಿನ ವಿಷಯ ಹೊರಗೆ ಬಿದ್ದರೆ ಅದು ನನ್ನಲ್ಲಿಗೆ ನಿಲ್ಲುತ್ತಿರಲಿಲ್ಲ. ಇದೆಲ್ಲ ನನಗೆ ಆಗಲೇ ಅರ್ಥವಾಗಿತ್ತು, ಮತ್ತು ನನಗೆ ಬಹಳ ಸಮಾಧಾನವೂ ಆಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಅವನನ್ನು ಕೆಲಸದಿಂದ ತೆಗೆದರು. ಅವನ ಹೆಂಡತಿ ಸಾಹೇಬರ ಬಂಗಲೆ ಹುಡುಕಿಕೊಂಡು ಹೋದಳು. ಅಮ್ಮಾರು ಬಾಗಿಲಿಗೆ ಬಂದು, ಸಾಹೇಬ್ರು ಲೈನಿನ ಮೇಲೆ ಹೋಗಿದ್ದಾರೆ ಎಂದರು. ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಅವಳನ್ನು ಒಳಗೆ ಕರೆದು, ಕಾಫಿ ಕೊಟ್ಟು, ಕೋಣೆಯಲ್ಲಿ ಕೂತಿದ್ದ ಗಂಡನ ಹತ್ತಿರ ಹೋಗಿ, "ನಿಮ್ಮ ಸುಳ್ಳು ನಾನು ಹೇಳಿದ್ದು ಸಾಕು. ನೀವೇ ಬಂದು ಹೇಳ್ರಿ" ಎಂದರಂತೆ. ಇವರು ಹೊರಗೆ ಬರಲಿಲ್ಲ. ಅವಳು ಲೋಟ ತೊಳೆದಿಟ್ಟು ಹೋದಳಂತೆ. ಇದನ್ನು ನನಗೆ ಹೇಳಿದವರು ಇವರೇ, ಅಮ್ಮಾರು ತೀರಿಕೊಂಡ ಮೇಲೆ. ಲೋಟ ತೊಳೆದಿಟ್ಟು ಹೋದಳು ಎಂಬುದನ್ನು ಎರಡೆರಡು ಸಲ ಹೇಳಿದರು.

ನಿವೃತ್ತರಾಗಿ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ ಮಾಡಿದರು. ಹದಿನೈದು ವರ್ಷ ಎಲ್ಲರ ಹಾಗೆ ಇದ್ದರು: ಬೆಳಗಿನ ವಾಕಿಂಗ್, ಪೇಪರು, ಮೊಮ್ಮಕ್ಕಳು. ನಾನು ಯುಗಾದಿಗೆ ಬೇವು ಬೆಲ್ಲ ಕೊಡಲು ಹೋಗುತ್ತಿದ್ದೆ. ಗೇಟಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಅಮ್ಮಾರು ವರ್ಷಕ್ಕೊಂದು ಸಲ, ಆ ಹೆಂಗಸು ಬಂದ ತಿಂಗಳಲ್ಲಿ, "ಆ ಗೇಟಿನೋರ ಮನಿಗೆ ಹೋಗಿ ಬಂದ್ರೇನು?" ಎಂದು ಕೇಳುತ್ತಿದ್ದರಂತೆ. ಜಗಳವಿಲ್ಲ, ಕೂಗಾಟವಿಲ್ಲ, ಹಾಲು ತಂದ್ರೇನು ಎಂದು ಕೇಳಿದ ಹಾಗೆ. ಕೊನೆಗೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗಲೂ ಕೇಳಿದರು. ನಾಳೆ ಹೋಗುತ್ತೇನೆ ಎಂದರು ಇವರು. ಆ ನಾಳೆಗೆ ಅಮ್ಮಾರು ಇರಲಿಲ್ಲ.

ಅಲ್ಲಿಂದ ಅವರು ಬೇರೆಯೇ ಮನುಷ್ಯರಾದರು. ಗಡ್ಡ ಬಿಟ್ಟರು. ತಾವೇ ಕೈಯಾರೆ ಹೇಳಿಕೆ ಬರೆದುಕೊಂಡು ದೊಡ್ಡ ಆಫೀಸಿಗೆ ಹೋದರು. ಅಲ್ಲಿದ್ದವರು ಇವರ ಮಕ್ಕಳ ವಯಸ್ಸಿನವರು. ಕುರ್ಚಿ ಕೊಟ್ಟರು, ಟೀ ತರಿಸಿದರು. ಆಮೇಲೆ, ಆ ಫೈಲು ಈಗ ಇಲ್ಲ ಸಾರ್, ಅವಧಿ ಮುಗಿದ ಕಾಗದ ಪತ್ರ ನಾಶ ಮಾಡಿಬಿಡುತ್ತಾರೆ ಎಂದರು. ಅವಧಿ ಮುಗಿದದ್ದನ್ನು ಒಂದು ದಿನವೂ ಇಟ್ಟುಕೊಳ್ಳಬಾರದು ಎಂದು ಆ ಆಫೀಸಿಗೆ ಶಿಸ್ತು ಕಲಿಸಿದವರು ಇವರೇ. ಇಲ್ಲದ ಫೈಲಿಗೆ ಹೇಳಿಕೆ ಸೇರಿಸುವುದು ಹೇಗೆ? ಆರು ಸಲ ಹೋದರು. ಕೊನೆಯ ಸಲ ಟೀ ಬರಲಿಲ್ಲ.

ಆಫೀಸು ಕೈಬಿಟ್ಟ ಮೇಲೆ ಅವನನ್ನೇ ಹುಡುಕಿದರು. ಅವನು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆ ಇಬ್ಬರು ಹೆಂಗಸರ ಮನೆಯವರು ದಿನಾ ಎದುರಿಗೆ ಸಿಗುವ ಓಣಿಯಲ್ಲಿ ಅವನು ಹೇಗೆ ಬದುಕಬೇಕು? ಹರಿಹರಕ್ಕೆ ಬಂದು ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಯಾಕೆ ಎಂದರೆ, ಆ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲವಂತೆ. ಎಲ್ಲಿ ಫೋನು ಸದ್ದಾದರೂ ಅವನು ಎದ್ದು ನಿಲ್ಲುತ್ತಿದ್ದ. ಮೊದಲ ವರ್ಷ ದಾವಣಗೆರೆಗೆ ಬಂದು ಕಿವಿ ಪರೀಕ್ಷೆ ಮಾಡಿಸಿಕೊಂಡಿದ್ದನಂತೆ. ಕಿವಿ ಚೆನ್ನಾಗಿದೆ ಎಂದರು ಡಾಕ್ಟರು. ಅದರಿಂದ ಅವನು ಇನ್ನೂ ಕುಸಿದ. ಕಿವಿ ಸರಿಯಿದ್ದೂ ರಿಂಗ್ ಕೇಳಲಿಲ್ಲವೆಂದರೆ ತಾನು ತೂಕಡಿಸಿರಬೇಕು, ತೂಕಡಿಸಿ ಇಬ್ಬರನ್ನು ಕೊಂದಿರಬೇಕು ಎಂದು ತೀರ್ಮಾನ ಮಾಡಿಕೊಂಡ.

ಇವರು ಅವನ ಮುಂದೆ ನಿಂತು ಎಲ್ಲ ಹೇಳಿದರು. ರಿಂಗ್ ಬಂದೇ ಇರಲಿಲ್ಲ, ಗೊತ್ತಿದ್ದೂ ನಾನು ನಿನ್ನ ಮೇಲೆ ಹಾಕಿದೆ ಎಂದರು. ಅವನು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, "ನನ್ನ ಸಮಾಧಾನಕ್ಕೆ ಹೇಳ್ತೀರಿ ಸಾಹೇಬ್ರೆ. ಅವತ್ತು ನೀವು ಅಲ್ಲಿ ಇರಲಿಲ್ಲ. ಫೋನಿನ ಹತ್ರ ಕುಂತೋರು ಮಾಸ್ತರ್ರು. ರಿಂಗ್ ಕೊಟ್ಟಿದ್ರೋ ಇಲ್ಲೋ ಅವರಿಗೇ ಗೊತ್ತು. ಅವರು ಯಾವತ್ತೂ ಹಂಗಂದಿಲ್ಲ" ಎಂದನಂತೆ.

ಹೀಗೆ ಅವರ ಪ್ರಾಣವೆಲ್ಲ ನನ್ನ ಒಂದು ಮಾತಿನಲ್ಲಿ ಬಂದು ಸಿಕ್ಕಿಕೊಂಡಿತು.

ಮೊದಲು ಬಂದಾಗ, ನನಗೆ ಇನ್ನೂ ಎಂಟು ತಿಂಗಳು ಸರ್ವೀಸ್ ಇದೆ ಸಾರ್, ಆಮೇಲೆ ನೋಡೋಣ ಎಂದೆ. "ಆಗ್ಲಿ, ಎಂಟು ತಿಂಗಳು ತಡ್ಕಂತೀನಿ" ಎಂದು ಹೋದರು. ನಾನು ನಿವೃತ್ತನಾದ ಮರುದಿನ ಬೆಳಿಗ್ಗೆ, ಬೀಳ್ಕೊಡುಗೆಯ ಹೂವಿನ ಹಾರ ಇನ್ನೂ ಮೊಳೆಗೆ ನೇತಾಡುತ್ತಿರುವಾಗಲೇ ಬಂದರು. ಮಗಳ ನಿಶ್ಚಿತಾರ್ಥ ಎಂದೆ. ಆಮೇಲೆ ಮದುವೆ ಎಂದೆ. ಆಮೇಲೆ ಸೊಂಟನೋವು ಎಂದೆ. ಆಮೇಲೆ ಬಚ್ಚಲುಮನೆ. ನನ್ನ ಮೇಲೆ ಯಾವ ಕ್ರಮವೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಫೈಲೇ ಇಲ್ಲವಲ್ಲ. ಆದರೂ ಕಾಲು ಏಳಲಿಲ್ಲ. ವಿಚಾರಣೆಯ ದಿನ ಅವನು ನನ್ನ ಮುಖ ನೋಡಿದ್ದನಲ್ಲ, ಅವನ ಎದುರಿಗೆ ಮತ್ತೆ ನಿಲ್ಲುವುದಕ್ಕಿಂತ ಸಾಯುವುದು ಲೇಸು ಅನ್ನಿಸುತ್ತಿತ್ತು.

ಕೊನೆಗೆ ಅವರು ನನ್ನನ್ನು ಹಿಡಿದದ್ದು ಒಂದು ಹೋಟೆಲಿನಲ್ಲಿ. ಸಂಜೆ ನಾಲ್ಕೂವರೆ, ಬೆಣ್ಣೆ ದೋಸೆ ಆಗಷ್ಟೇ ಬಂದಿತ್ತು. ಎದುರಿಗೆ ಬಂದು ನಿಂತರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು, ಚಪ್ಪಲಿ ಎರಡೂ ಬೇರೆ ಬೇರೆ ಜೋಡಿಯವು.

"ನನಗೆ ಇನ್ನ ಟೈಮ್ ಇಲ್ಲಪ. ಎದೀ ಹಿಡ್ಕಂತೈತೆ. ಇವತ್ತು ಬಾ. ಈಗ ಬಸ್ಸು ಐತೆ, ಅರ್ಧ ತಾಸಿನ ದಾರಿ."

"ನಾಳೆ ನೋಡಾಣ ಸಾರ್."

"ನಾಳೆ ಬ್ಯಾಡ. ನಾಳೆ ಅಂದೋರ ಗತಿ ನಾನು ನೋಡೀನಿ."

ಹಾಗೆಂದವರೇ ಬಗ್ಗಿ ನನ್ನ ಕಾಲಿಗೆ ಕೈ ಹಚ್ಚಿದರು. ಹೋಟೆಲಿಗೆ ಹೋಟೆಲೇ ನೋಡುತ್ತಿತ್ತು. ಚಟ್ನಿ ಬಡಿಸುವವನು ಸೌಟು ಹಿಡಿದುಕೊಂಡು ನಿಂತುಬಿಟ್ಟ. ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು. ಕಾಲು ಎಳೆದುಕೊಂಡು ಎದ್ದೆ. "ಎರಡು ರಿಂಗ್ ಕಲಿಸಿದ್ದು ಯಾರು? ವರದಿಗೆ ಸೈನ್ ಹಾಕಿದ್ದು ಯಾರು? ನಿಮ್ಮ ಪಾಪ ನೀವು ತೊಳ್ಕಳ್ರಿ, ನನ್ನ ಯಾಕ ಎಳಿತೀರಿ?" ಎಂದು ಎಲ್ಲರೆದುರು ಕೂಗಿದೆ.

ಅವರು ಟೇಬಲ್ಲು ಹಿಡಿದುಕೊಂಡು ನಿಧಾನವಾಗಿ ಎದ್ದರು. "ಕಲಿಸಿದ್ದು ನಾನೇ. ಅದಕ್ಕೇ ಬಂದೀನಿ. ಬ್ಯಾರೆ ಯಾರು ಬರ್ತಾರೆ?" ಎಂದರು. ಆಮೇಲೆ, "ದೋಸಿ ಆರ್ತೈತಿ, ತಿನ್ನು" ಎಂದು ಹೇಳಿ ಹೊರಟುಹೋದರು. ಹತ್ತು ದಿನಕ್ಕೆ ತೀರಿಕೊಂಡರು, ಮನೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಮಣ್ಣಿಗೆ ಹೋಗಿದ್ದೆ. ಹತ್ತಿರದವನು ಎಂದು ನನ್ನನ್ನು ಮುಂದೆ ನಿಲ್ಲಿಸಿದರು, ಹೆಗಲು ಕೊಡಲು ಕರೆದರು. ಕೊಟ್ಟೆ. ಮೂರನೇ ದಿನ ಚಿತ್ರದುರ್ಗದಿಂದ ಬಂದಿದ್ದ ಅವರ ಮಗಳು, ಅಲ್ಲಿ ಹೈಸ್ಕೂಲ್ ಟೀಚರ್, ನನ್ನನ್ನು ಅಡುಗೆಮನೆಗೆ ಕರೆದಳು. "ಅಂಕಲ್, ಇದು ಏನು ಅಂತ ನಿಮಗೇನಾದ್ರೂ ಗೊತ್ತೇನ್ರಿ?" ಎಂದಳು. ಕಪಾಟಿನ ಬಾಗಿಲು ತೆಗೆದರೆ ಅದರ ತುಂಬ ಹಿಟ್ಟಿನ ಪೊಟ್ಟಣಗಳು. ಕೆಳಗಿನ ಡಬ್ಬಗಳಲ್ಲೂ ಅದೇ, ಮಂಚದ ಕೆಳಗಿನ ಚೀಲಗಳಲ್ಲೂ ಅದೇ. ಎಲ್ಲ ಗೋಧಿಹಿಟ್ಟು, ಕೇಜಿ ಕೇಜಿ ಕಟ್ಟಿದ್ದು, ಒಂದನ್ನೂ ಬಿಚ್ಚಿಲ್ಲ. ಹಳೆಯವಕ್ಕೆ ಹುಳ ಬಿದ್ದಿತ್ತು. "ಅಪ್ಪ ಒಬ್ರೇ ಇದ್ದೋರು. ಚಪಾತಿ ಹಲ್ಲಿಗೆ ಆಗ್ತಿರಲಿಲ್ಲ. ಪ್ರತಿ ಗುರುವಾರ ಒಂದು ಕೇಜಿ ಗೋಧಿ ಹಿಡ್ಕಂಡು ಹರಿಹರಕ್ಕೆ ಹೋಗ್ತಿದ್ರಂತೆ, ಪಕ್ಕದ ಮನೆಯೋರು ಹೇಳಿದ್ರು. ದಾವಣಗೇರಿಯಾಗೆ ಗಿರಣಿ ಇಲ್ವಾ ಅಂಕಲ್? ತಲೆ ಕೆಟ್ಟಿತ್ತೇನೋ." ನನಗೆ ಗೊತ್ತಿಲ್ಲಮ್ಮ ಎಂದೆ. ಅವರ ಮನೆಯಲ್ಲಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಅಲ್ಲಿಂದ ಹೊ‌ರಬಿದ್ದವನು ಮನೆಗೆ ಹೋಗಲಿಲ್ಲ. ಸೀದಾ ಬಸ್ಸು ಹತ್ತಿದೆ. ದಾರಿಯಲ್ಲಿ ಇಳಿದುಬಿಡೋಣ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕಂಡಕ್ಟರ್ ಬೈದು ಕೂರಿಸಿದ.

ಗಿರಣಿ ಹುಡುಕಲು ಕಷ್ಟವಾಗಲಿಲ್ಲ. ಹುಬ್ಬು, ರೆಪ್ಪೆ, ಮೀಸೆಯೆಲ್ಲ ಹಿಟ್ಟಾಗಿ ನಿಂತಿದ್ದವನು ಅವನೇ. ನನ್ನನ್ನು ಕಂಡಕೂಡಲೇ ಗುರುತು ಹಿಡಿದ. ಕೈ ಎತ್ತಿ ನಮಸ್ಕಾರ ಮಾಡಿದ. ಇಪ್ಪತ್ತು ವರ್ಷದ ಮೇಲೆ, ನನಗೆ! ನಾನು ಗಂಟಲು ಹರಿಯುವ ಹಾಗೆ ಹೇಳಿದೆ. ಗಿರಣಿ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಹೋಗಿ ಮೋಟಾರ್ ಬಂದ್ ಮಾಡಿದ. ಜೋಳ ತಂದು ಕಾಯುತ್ತಿದ್ದ ಇಬ್ಬರು ಹೆಂಗಸರು ನಮ್ಮ ಕಡೆ ನೋಡಿದರು.

"ಏನಂದ್ರಿ ಮಾಸ್ತರ್ರೆ?"

"ಅವತ್ತು ನಾನು ರಿಂಗ್ ಕೊಟ್ಟಿರಲಿಲ್ಲ. ಮರ್ತಿದ್ದೆ. ಫೋನ್ ಮುಟ್ಟೇ ಇರಲಿಲ್ಲ."

"ಮುಟ್ಟೇ ಇರಲಿಲ್ಲ?"

"ಇಲ್ಲ."

"ಅಂದ್ರೆ ನಾನು ಮಲಗಿರಲಿಲ್ಲ."

"ಇಲ್ಲಪ್ಪ. ನೀನು ಮಲಗಿರಲಿಲ್ಲ."

ಅವನು ಹಿಂದಿನ ಬಾಗಿಲಿಗೆ ಓಡಿ, "ಏ, ಇವಳೇ, ಬಾರೇ ಇಲ್ಲಿ! ರಿಂಗ್ ಬಂದಿರಲಿಲ್ಲಂತೆ ಕಣೇ! ಮಾಸ್ತರ್ರೇ ಹೇಳ್ತಾ ಅದಾರೆ, ಬಂದಿರಲಿಲ್ಲಂತೆ!" ಎಂದು ಕೂಗಿದ. ಅವನ ಹೆಂಡತಿ ಒದ್ದೆ ಕೈಯಲ್ಲೇ ಬಂದು ಚೌಕಟ್ಟು ಹಿಡಿದು ನಿಂತಳು. ನನ್ನನ್ನು ನೋಡಿದಳು. ಅವನು ಕಾಯುತ್ತಿದ್ದ ಹೆಂಗಸರಿಗೂ ಹೇಳಿದ, ಅವರಿಗೆ ಏನೆಂದು ಅರ್ಥವಾಗದಿದ್ದರೂ ಇನ್ನೊಮ್ಮೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಸಾಹೇಬ್ರು ಹೇಳಿದಾಗ ನಾನು ನಂಬಲಿಲ್ರಿ. ವಾರಾ ವಾರಾ ಬರ್ತಾರೆ. ಈ ಗುರುವಾರ ಬರಲಿಲ್ಲ. ಈಗಲೇ ಅವರಿಗೊಂದು ಫೋನ್ ಹಚ್ರಿ ಮಾಸ್ತರ್ರೆ. ನಂಬೀನಿ ಅಂತ ನಾನೇ ಹೇಳ್ತೀನಿ" ಎಂದು ಹಿಟ್ಟಿನ ಕೈ ಚಾಚಿದ.

ಅವರು ಹೋಗಿ ಮೂರು ದಿನವಾಯಿತು ಎಂದೆ.

ಚಾಚಿದ ಕೈ ಹಾಗೇ ಇತ್ತು. ಆಮೇಲೆ ಅವನು ಗೋಧಿ ಚೀಲದ ಮೇಲೆ ಕುಸಿದು ಕೂತ. ತನಗಾದದ್ದಕ್ಕೆ ಇಪ್ಪತ್ತು ವರ್ಷದಲ್ಲಿ ಅತ್ತಿದ್ದನೋ ಇಲ್ಲವೋ, ಈಗ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ಒಂದು ಕೇಜಿ ಬೀಸಾಕೆ ಎಷ್ಟು ಹೊತ್ರಿ? ತಾಸುಗಟ್ಲೆ ಅಲ್ಲೇ, ನೀವು ನಿಂತೀರಲ್ಲ ಅಲ್ಲೇ, ನಿಂತಿರ್ತಿದ್ರು. ವಯಸ್ಸಾದ ಜೀವ. ಕಾಲು ನಡುಗ್ತಿದ್ವು. ಒಂದು ದಿವಸಾನೂ ಕೂಡ್ರಿ ಅನ್ನಲಿಲ್ಲ ನಾನು, ಒಂದು ದಿವಸಾನೂ ಅನ್ನಲಿಲ್ಲ."

ಅವನ ಹೆಂಡತಿ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಗೋಡೆಗೆ ಒಂದು ಬೆಂಚು ಇತ್ತು, ಖಾಲಿ ಇತ್ತು. ನನಗೂ ಯಾರೂ ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಇದ್ದೆ.